ಡಬ್ಬಿ ವಸಂತಕ್ಕ ಹೊರಗೆ ಉಂಡ ಎರಡು ದಿನ

ಟೊರೊಂಟೋ ಹತ್ತಿರದ ಮೆಡೋವೇಲಿನ ಕನ್ನಡದ ಮಂದಿ ಬೆನ್ನ ಹಿಂದೆ ಅವಳನ್ನು ಡಬ್ಬಿ ವಸಂತಕ್ಕ ಅನ್ನುತ್ತಿದ್ದರು. ಬ್ಯಾಂಕ್ವೆಟ್ ಹಾಲಿನಲ್ಲಿ ಮದುವೆ ಇರಲಿ, ಯಾರದೋ ಮಗನ ಗ್ರ್ಯಾಜುಯೇಶನ್ ಪಾರ್ಟಿ ಇರಲಿ, ಅವಳ ಕೈಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿ ಇದ್ದೇ ಇರುತ್ತಿತ್ತು. ಒಳಗೆ ಚಪಾತಿ, ಒಣ ಪಲ್ಯ, ಮೂಲೆಯಲ್ಲಿ ಒಂದಿಷ್ಟು ಶೇಂಗಾ ಚಟ್ನಿ. ಎಲ್ಲರೂ ಬಫೆಯ ಸಾಲಿನಲ್ಲಿ ನಿಂತಾಗ ಅವಳು ಗೋಡೆ ಪಕ್ಕದ ಟೇಬಲ್ಲಿನಲ್ಲಿ ಕುಳಿತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ನಾಚಿಕೆಯೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು.

ಧಾರವಾಡದಿಂದ ಹೊರಡುವಾಗ ತಾಯಿ ರುದ್ರವ್ವ ಅವಳ ಕೊರಳಿನ ಲಿಂಗದ ಕರಡಿಗೆ ಮುಟ್ಟಿ, "ಅಲ್ಲೆ ಹೊರಗ ಉಣಬ್ಯಾಡ ನನ್ನವ್ವಾ, ಎದರಾಗ ಏನ್ ಹಾಕಿರ್ತಾರೊ," ಅಂದಿದ್ದಳು. ಆ ಮಾತೊಂದೇ ಆಗಿದ್ದರೆ ಕಾಲ ಕಳೆದ ಹಾಗೆ ಸಡಿಲವಾಗುತ್ತಿತ್ತೇನೋ. ಆದರೆ ಬಂದ ಮೊದಲ ಚಳಿಗಾಲದಲ್ಲೇ ಗಂಡ ಚನ್ನಬಸಪ್ಪನ ಕಂಪನಿಯವರು ಕ್ರಿಸ್‌ಮಸ್ ಊಟ ಇಟ್ಟಿದ್ದರು. ಬಟ್ಟಲಲ್ಲಿ ಬಿಸಿ ಸೂಪು ಬಂತು. "ಇದು ಬರೇ ಉಳ್ಳಾಗಡ್ಡಿದು, ಮ್ಯಾಲೆ ಬ್ರೆಡ್ ಐತಿ, ಕುಡಿ, ಏನಾಗೂದಿಲ್ಲ," ಅಂದ ಚನ್ನಬಸಪ್ಪ. ಹೊರಗೆ ಹಿಮ ಸುರಿಯುತ್ತಿತ್ತು, ಅವಳಿಗೆ ಚಳಿ, ಹಸಿವು. ಬಟ್ಟಲು ಖಾಲಿ ಮಾಡಿದಳು. ಎದುರಿಗಿದ್ದ ಬಿಳಿ ಹೆಂಗಸು ಹೊಗಳುವ ಧಾಟಿಯಲ್ಲಿ, ದನದ ಎಲುಬನ್ನು ಹೊತ್ತುಗಟ್ಟಲೆ ಕುದಿಸಿದರೇ ಈ ಸೂಪಿಗೆ ರುಚಿ ಬರುವುದು ಎಂದು ವಿವರಿಸಿದಳು. ವಸಂತಕ್ಕ ಬಚ್ಚಲಿಗೆ ಓಡಿದಳು. ಮನೆಗೆ ಬಂದು ತಣ್ಣೀರನ್ನು ತಲೆ ಮೇಲೆ ಸುರಿದುಕೊಂಡಳು. ಎಷ್ಟೋ ದಿನ ಪೂಜೆಗೆ ಕುಳಿತರೆ ಲಿಂಗ ಕೈಯಲ್ಲಿ ಹಿಡಿಯುವ ಮೊದಲು ಮತ್ತೆ ಮತ್ತೆ ಕೈ ತೊಳೆಯುತ್ತಿದ್ದಳು. ಅಂದಿನಿಂದ ಹೋಟೆಲಿನ ನೀರನ್ನೂ ಮುಟ್ಟಲಿಲ್ಲ.

ಚನ್ನಬಸಪ್ಪನೋ, ತಿನ್ನುವುದೆಂದರೆ ಪ್ರಾಣ ಬಿಡುವ ಮನುಷ್ಯ. ಅವನೂ ಮಾಂಸ ಮುಟ್ಟುವವನಲ್ಲ, ಆದರೆ ಕಾಯಿಪಲ್ಯ, ಕಾಳುಕಡಿಗಳಲ್ಲಿ ಲೋಕದ ಜನ ಏನೇನು ಮಾಡಿ ಉಣ್ಣುತ್ತಾರೆ ಎಂಬುದನ್ನು ನೋಡಿಬಿಡಬೇಕು ಅಂತ ಹಟ. ತೊಂಬತ್ತರ ದಶಕದಲ್ಲಿ, ಮಗಳು ರಾಧಿಕಾ ಶಾಲೆಗೆ ಹೋಗುತ್ತಿದ್ದಾಗ, ಶನಿವಾರ ಬಂತೆಂದರೆ ಕಾರು ಟೊರೊಂಟೋ ಕಡೆಗೆ ತಿರುಗುತ್ತಿತ್ತು. ಒಂದು ವಾರ ಗ್ರೀಕರ ಬೀದಿ, ಇನ್ನೊಂದು ವಾರ ಲೆಬನೀಸ್ ಅಂಗಡಿ, ಮತ್ತೊಮ್ಮೆ ಪೋರ್ಚುಗೀಸರ ಬೇಕರಿ. ಅಪ್ಪ ಮಗಳು ಕೈ ನೆಕ್ಕಿಕೊಂಡು ತಿನ್ನುವಾಗ ವಸಂತಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂಡುತ್ತಿದ್ದಳು.

"ಒಂದ ತುತ್ತ ತಿಂದ ನೋಡು. ನಾ ಕೇಳೇನಿ, ಇದರಾಗ ಏನೂ ಇಲ್ಲ," ಅನ್ನುತ್ತಿದ್ದ ಚನ್ನಬಸಪ್ಪ.

"ಸೂಪ್ ಕುಡಿಸಿದಾಗೂ ಹಿಂಗs ಹೇಳಿದ್ರಿ."

ಈ ಒಂದು ಮಾತಿಗೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಅದು ಗೊತ್ತಿದ್ದೇ ಅವಳು ಅದನ್ನು ಆಡುತ್ತಿದ್ದಳು. ಆದರೂ ಅವನು ಒಂದು ಪಾಲು ಕಟ್ಟಿಸಿಕೊಂಡು ಬರುತ್ತಿದ್ದ. ಅದು ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಕೂತು ಕಸದ ಬುಟ್ಟಿ ಸೇರುತ್ತಿತ್ತು. ಒಂದು ಶನಿವಾರ ಅವನಿಗೆ ತಾಳ್ಮೆ ತಪ್ಪಿತು. "ನೀ ಎದರಿಗೆ ಹಿಂಗ ಕುಂತ್ರ ನನಗ ತುತ್ತ ಒಳಗ ಇಳಿಯೂದಿಲ್ಲ ನೋಡು," ಅಂದ. "ಹಂಗಾರ ನಾ ಬರೂದs ಇಲ್ಲ," ಅಂದಳು ಅವಳು. ಮುಂದಿನ ವಾರದಿಂದ ಹೋಗಲೂ ಇಲ್ಲ. ಅಪ್ಪ ಮಗಳು ಹೋಗಿಬರುತ್ತಿದ್ದರು. ಅವಳು ಮನೆಯಲ್ಲಿ ಟಿವಿ ಹಚ್ಚಿಕೊಂಡು ಮೊಸರನ್ನ ಉಣ್ಣುತ್ತಿದ್ದಳು. ತಾನೇ ಗೆದ್ದೆ ಅನ್ನಿಸುತ್ತಿತ್ತು.

ಹೀಗೆ ವರ್ಷಗಳು ಉರುಳಿದವು. ರಾಧಿಕಾ ಓದು ಮುಗಿಸಿ ಟೊರೊಂಟೋದಲ್ಲೇ ಕೆಲಸ ಹಿಡಿದು, ಬ್ಲೂರ್ ಸ್ಟ್ರೀಟಿನ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದಳು. ಚನ್ನಬಸಪ್ಪ ರಿಟೈರಾದ. ಎರಡು ಸಾವಿರದ ಐದರ ಚಳಿಗಾಲದಲ್ಲಿ ಅವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ರೇಡಿಯೇಶನ್ ಕೊಟ್ಟರು. ಗಂಟು ಕರಗಿತು, ಜೊತೆಗೆ ನುಂಗುವ ಶಕ್ತಿಯೂ ಹೋಯಿತು. ಗುಟುಕು ನೀರು ಕುಡಿದರೂ ಶ್ವಾಸಕೋಶಕ್ಕೆ ಇಳಿದುಬಿಡುತ್ತಿತ್ತು. ಡಾಕ್ಟರು ಹೊಟ್ಟೆಗೆ ನೇರವಾಗಿ ಒಂದು ನಳಿಗೆ ಕೂಡಿಸಿದರು. ದಿನಕ್ಕೆ ಇಷ್ಟು ಹೊತ್ತಿಗೆ ಇಷ್ಟು ಅಂತ, ಹಾಲಿನಂಥ ಒಂದು ದ್ರವವನ್ನು ವಸಂತಕ್ಕ ಆ ನಳಿಗೆಯಲ್ಲಿ ಬಿಡಬೇಕು. ದನಿಯೂ ಕುಗ್ಗಿ ಬರಿ ಪಿಸುಮಾತು ಉಳಿಯಿತು. ನಾಲಿಗೆಗೆ ಏನನ್ನೂ ತೋರಿಸುವ ಹಾಗಿಲ್ಲ. ಆದರೆ ಮೂಗು ಮಾತ್ರ ಮೊದಲಿನಂತೆಯೇ ಚುರುಕು.

ಅದಕ್ಕೇ ಅವಳು ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದಳು. ಅವನು ಮಲಗಿದಾಗ ಬೇಸ್‌ಮೆಂಟಿಗೆ ಇಳಿದು, ವಾಶಿಂಗ್ ಮಶೀನಿನ ಪಕ್ಕ ನಿಂತೇ ತಣ್ಣನೆಯ ಚಪಾತಿಯನ್ನೋ ಮೊಸರನ್ನೋ ತಿಂದು, ಬಾಯಿ ತೊಳೆದು ಮೇಲೆ ಬರುತ್ತಿದ್ದಳು. ಯಾರೋ ನೋಡಿಬಿಟ್ಟಾರು ಅನ್ನುವ ಹಾಗೆ ಅವಸರವಾಗಿ ನುಂಗುತ್ತಿದ್ದಳು. ಉಣ್ಣುವುದೂ ಒಂದು ಕಳ್ಳತನವಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಕುಪ್ಪಸಗಳೆಲ್ಲ ಜೋಲು ಬಿದ್ದಿದ್ದವು.

ಅದನ್ನು ನೋಡಿದವಳು ರಾಧಿಕಾ. "ಅಮ್ಮಾ, ನೀ ನೋಡಿಕೊಂಡಿಯೇನು ಕನ್ನಡಿ ಒಳಗ? ಒಂದು ವೀಕೆಂಡ್ ನನ್ನ ಜೊತಿ ಬಾ. ಜಸ್ಟ್ ಟು ಡೇಸ್."

"ಇವರನ್ನ ಬಿಟ್ಟು ಹ್ಯಾಂಗ ಬರ್ಲಿ?"

ಆಗ ಮುಂದೆ ಬಂದವನು ದಾನಪ್ಪ. ಹತ್ತಿರದ ವಾನ್ ಊರಿನಲ್ಲಿ ಒಬ್ಬನೇ ಇದ್ದ ಅವನು ಚನ್ನಬಸಪ್ಪನ ಜೊತೆ ಧಾರವಾಡದಲ್ಲಿ ಓದಿದವನು. ನಳಿಗೆ ನೋಡಿಕೊಳ್ಳುವುದನ್ನು ನರ್ಸಿನಿಂದ ಮೊದಲೇ ಕಲಿತಿದ್ದ. "ವೈನಿ, ನೀವು ಆರಾಮ್ ಹೋಗಿ ಬರ್ರಿ. ಅವನ ಕೂಡ ಕೇರಂ ಆಡಿ ಸೋಲಿಸಿ ಭಾಳ ದಿನ ಆತು," ಅಂದ. ಚನ್ನಬಸಪ್ಪ ಹಾಸಿಗೆಯಲ್ಲೇ ಕೈ ಎತ್ತಿ ಹೋಗು ಎಂದು ಸನ್ನೆ ಮಾಡಿದ. ಆಮೇಲೆ ಪಿಸುಗುಟ್ಟಿದ: "ಡಬ್ಬಿ ಒಯ್ಯಬ್ಯಾಡ."

ಸೆಪ್ಟೆಂಬರಿನ ಒಂದು ಶುಕ್ರವಾರ ಸಂಜೆ ಅವಳು ಹೊರಟಳು. ಡಬ್ಬಿಯನ್ನು ಸೀರೆಯ ನಡುವೆ ಸುತ್ತಿ ಒಯ್ದಿದ್ದಳು.

ಶನಿವಾರ ಪೂಜೆ ಮುಗಿಸಿ ಬಂದು ನೋಡಿದರೆ ಡಬ್ಬಿ ಸಿಂಕಿನಲ್ಲಿ ಖಾಲಿ ಬಿದ್ದಿತ್ತು. ರಾಧಿಕಾ ಸೋಫಾದ ಮೇಲೆ ಕುಳಿತು ಬೆರಳು ಚೀಪುತ್ತಿದ್ದಳು. "ಸಾರಿ ಅಮ್ಮಾ. ಎಷ್ಟು ತಿಂಗಳಾತು ನಿನ್ನ ಚಪಾತಿ ತಿಂದು! ಎಲ್ಲಾ ತಿಂದುಬಿಟ್ಟೆ." ಆ ಹುಡುಗಿಯ ಅಡಿಗೆಮನೆಯಲ್ಲಿ ಕಾಫಿ ಪುಡಿ, ಹಾಲು, ಒಂದು ಒಣಗಿದ ನಿಂಬೆಹಣ್ಣು ಬಿಟ್ಟರೆ ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಸಂತಕ್ಕನಿಗೆ ಹಸಿವು ತಡೆಯದಾಯಿತು.

ಬ್ಲೂರ್ ಸ್ಟ್ರೀಟಿನಲ್ಲಿ ನಡೆದು ಅವರು ಒಂದು ಇಥಿಯೋಪಿಯನ್ ಊಟದ ಮನೆ ಹೊಕ್ಕರು. ಚಿಕ್ಕ ಜಾಗ, ಬೆತ್ತದ ಬುಟ್ಟಿಯಂಥ ಟೇಬಲ್ಲುಗಳು, ಗಾಳಿಯಲ್ಲಿ ಮೆಂತೆ ಹುರಿದ ವಾಸನೆ. ಆ ವಾಸನೆಗೇ ವಸಂತಕ್ಕನ ಹೆಜ್ಜೆ ನಿಂತಿತು. ಅದು ತವರಿನ ಅಡಿಗೆಮನೆಯ ವಾಸನೆ. ಒಳಗಿನಿಂದ ಬಿಳಿ ಶಾಲು ಹೊದ್ದ ಒಬ್ಬ ನಡುವಯಸ್ಸಿನ ಹೆಂಗಸು ಬಂದು ರಾಧಿಕಾಳನ್ನು ಅಪ್ಪಿಕೊಂಡಳು. ಆಲ್ಮಾಜ್ ಅಂತ ಅವಳ ಹೆಸರು, ಜಾಗ ಅವಳದೇ.

"ಅಪ್ಪ ಎಲ್ಲಿ? ಒಂದು ವರ್ಷವಾಯಿತು ನೋಡಿ," ಎಂದು ಇಂಗ್ಲಿಷಿನಲ್ಲಿ ಕೇಳಿ, ಹಿಂದೆ ನಿಂತವಳನ್ನು ನೋಡಿ ಕಣ್ಣರಳಿಸಿದಳು. "ಇವರೇನಾ? ಆ ಹೆಂಡತಿ?"

ಆ ಹೆಂಡತಿ ಅಂದರೇನು ಅಂತ ವಸಂತಕ್ಕನಿಗೆ ತಿಳಿಯಲಿಲ್ಲ. ಆಲ್ಮಾಜ್ ನಗುತ್ತ ಹೇಳಿದಳು. ಮೊದಲ ಸಲ ಬಂದಾಗಲೇ ನಿಮ್ಮ ಗಂಡ ಅಡಿಗೆಮನೆಗೇ ನುಗ್ಗಿಬಂದರು. ಕಾಳಿನ ಪಾತ್ರೆ ಬೇರೆಯೇ, ಸೌಟು ಬೇರೆಯೇ, ಮಾಂಸದ ಕೊಬ್ಬು ಹಾಕುತ್ತೀರೋ ಎಣ್ಣೆಯೋ ಎಂದು ಒಂದೊಂದನ್ನೇ ಕೇಳಿದರು. ನಾನು ಮೊದಲು ಸಿಟ್ಟಾದೆ. ಆಗ ಹೇಳಿದರು, ನನ್ನ ಹೆಂಡತಿಗೆ ಒಮ್ಮೆ ನಾನೇ ತಪ್ಪಿ ತಿನ್ನಬಾರದ್ದನ್ನು ತಿನ್ನಿಸಿದೆ, ಅವಳು ಒಂದು ದಿನ ಬರುತ್ತಾಳೆ, ಆ ದಿನ ತಪ್ಪಾಗಬಾರದು ಅಂತ. ಪ್ರತಿ ಸಲವೂ ಕೇಳುತ್ತಿದ್ದರು, ಸೌಟು ಬೇರೆ ಇದೆಯಲ್ಲ ಎಂದು.

ರಾಧಿಕಾ ಮೆಲ್ಲಗೆ, "ಹೌದಮ್ಮಾ, ಎಲ್ಲಾ ಕಡೆನೂ ಕೇಳ್ತಿದ್ರು. ನಂಗ ಎಂಬರಾಸ್ ಆಗ್ತಿತ್ತು," ಅಂದಳು.

ವಸಂತಕ್ಕ ಕೈಚೀಲವನ್ನು ಪಕ್ಕಕ್ಕಿಟ್ಟು ಕುಳಿತಳು. ಅಡಿಗೆಮನೆ ನೋಡಬೇಕು ಅಂತ ಕೇಳಲೂ ಇಲ್ಲ. ಅವನು ನೋಡಿದ್ದನಲ್ಲ.

ಊಟ ಬಂತು. ಒಂದೇ ದೊಡ್ಡ ತಾಟು. ಅದರ ತುಂಬ ಹುಳಿಬಂದ ಹಿಟ್ಟಿನ ಮೆತ್ತನೆಯ ದೋಸೆಯಂಥದ್ದು, ಮೇಲೆ ಗುಪ್ಪೆಗುಪ್ಪೆಯಾಗಿ ಕೆಂಪು ಬೇಳೆ, ಹಳದಿ ಬೇಳೆ, ಕೋಸು, ಸೊಪ್ಪು. ಚಮಚವಿಲ್ಲ, ಕೈಯಿಂದಲೇ ಉಣ್ಣುವುದು. ಇದು ನಮ್ಮ ಉಪವಾಸದ ಊಟ, ಆ ದಿನಗಳಲ್ಲಿ ಮಾಂಸ, ಹಾಲು ಏನೂ ಮುಟ್ಟುವುದಿಲ್ಲ ಎಂದಳು ಆಲ್ಮಾಜ್. ಶಿವರಾತ್ರಿಗೆ ಹಣ್ಣು ತಿಂದು ಹಾಲು ಕುಡಿದು ಕೂರುವ ವಸಂತಕ್ಕನಿಗೆ ಉಪವಾಸವೆಂದರೆ ಇಷ್ಟು ಭರ್ಜರಿಯೇ ಎಂದು ನಗು ಬಂತು. ಒಂದೇ ತಾಟಿನಲ್ಲಿ ಮಗಳ ಕೈಯೂ ತನ್ನ ಕೈಯೂ ಆಡುವುದನ್ನು ನೋಡಿ ಮದುವೆಯ ದಿನದ ಭೂಮದ ಊಟ ನೆನಪಾಯಿತು. ಅಂದು ಒಂದೇ ತಾಟಿನಲ್ಲಿ ಚನ್ನಬಸಪ್ಪ ಹೋಳಿಗೆಯ ದೊಡ್ಡ ತುಂಡನ್ನು ಅವಳ ಕಡೆಗೆ ಸರಿಸಿದ್ದ.

ಆಲ್ಮಾಜ್ ಬಂದು ಪಕ್ಕದಲ್ಲಿ ಕುಳಿತಳು. ಒಂದು ತುತ್ತನ್ನು ಅಂದವಾಗಿ ಸುತ್ತಿ ವಸಂತಕ್ಕನ ಬಾಯಿಗೆ ಹಿಡಿದಳು. ಅವರ ಪೈಕಿ ಅತಿಥಿಗೆ ಹಾಗೆ ಉಣಿಸುವುದು ಪದ್ಧತಿಯಂತೆ. ವಸಂತಕ್ಕ ಬಾಯಿ ತೆರೆದಳು. ಖಾರ, ಹುಳಿ, ಮೆಂತೆ, ಬೆಳ್ಳುಳ್ಳಿ ಎಲ್ಲ ಒಟ್ಟಿಗೆ ನಾಲಿಗೆಯ ಮೇಲೆ ಬಿದ್ದವು. ತಿಂಗಳುಗಟ್ಟಲೆ ಸತ್ತುಹೋಗಿದ್ದ ನಾಲಿಗೆ ಎದ್ದು ಕೂತಿತು. ಅಲ್ಲಿಂದ ಅವಳು ತಲೆ ಎತ್ತಲಿಲ್ಲ. ಕೆಂಪು ಬೇಳೆ ಮುಗಿಸಿದಳು, ಸೊಪ್ಪು ಮುಗಿಸಿದಳು, ಇನ್ನೊಂದಿಷ್ಟು ಬೇಡಿದಳು, ರಸ ಹೀರಿ ಮೆತ್ತಗಾದ ತಳದ ದೋಸೆಯನ್ನೂ ಬಿಡಲಿಲ್ಲ. ರಾಧಿಕಾ ಕೈ ಕಟ್ಟಿ ನೋಡುತ್ತ ಕುಳಿತಿದ್ದಳು.

ಕೈ ತೊಳೆಯಲು ಹೋಗಿ ನಲ್ಲಿಯಡಿ ಬೆರಳಿಟ್ಟಾಗ ಅವಳಿಗೆ ಹೊಳೆಯಿತು. ಉಂಡಷ್ಟು ಹೊತ್ತೂ ಅವನ ನೆನಪೇ ಬಂದಿರಲಿಲ್ಲ. ಯಾರ ಹೆಸರು ಹೇಳಿ ಈ ತಾಟು ಮುಂದೆ ಬಂತೋ, ಅವನನ್ನೇ ಮರೆತು ಉಂಡಿದ್ದಳು. ಕನ್ನಡಿಯಲ್ಲಿ ತುಟಿಯ ಅಂಚಿಗೆ ಅಂಟಿದ ಕೆಂಪು ಎಣ್ಣೆ ಕಾಣಿಸಿತು. ಕಾಗದದಿಂದ ಚರ್ಮ ಉರಿಯುವಷ್ಟು ತಿಕ್ಕಿ ಒರೆಸಿಕೊಂಡಳು.

ಆದರೆ ಹೊಟ್ಟೆ ಅನ್ನುವುದಕ್ಕೆ ಮಾನ ಮರ್ಯಾದೆ ಇಲ್ಲ. ಸಂಜೆ ಸ್ಪಡೈನಾದ ಚೀನೀ ಬೀದಿಯಲ್ಲಿ ಬೌದ್ಧರ ಸಸ್ಯಾಹಾರಿ ಹೋಟೆಲಿಗೆ ಹೋದಾಗ ಅವಳು ತಾನಾಗಿಯೇ ಒಳಗೆ ಕಾಲಿಟ್ಟಳು. ಬಂದ ತಾಟಿನಲ್ಲಿ ಸುಟ್ಟ ಬಾತುಕೋಳಿಯೇ ಮಲಗಿತ್ತು, ಚರ್ಮದ ಗುಳಿಗಳ ಸಮೇತ. "ಶಿವಾ ಶಿವಾ!" ಎಂದು ಕುರ್ಚಿ ಹಿಂದೆ ತಳ್ಳಿದಳು. "ಅಮ್ಮಾ, ಇಟ್ಸ್ ಗೋಧಿ! ಗೋಧಿ ಹಿಟ್ಟಿನಾಗ ಮಾಡ್ಯಾರ!" ಎಂದು ರಾಧಿಕಾ ಕೂಗಿದಳು. ಸುತ್ತಲಿನವರು ತಿರುಗಿ ನೋಡಿದರು. ವಸಂತಕ್ಕ ಬೆರಳ ತುದಿಯಿಂದ ಆ ಬಾತುಕೋಳಿಯನ್ನು ಒತ್ತಿ ನೋಡಿ, "ಗೋಧಿಗೆ ಯಾಕ ಬೇಕಾಗಿತ್ತು ಈ ವೇಷ?" ಅಂದಳು. ತಾಯಿ ಮಗಳಿಗೆ ನಗು ಹತ್ತಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬಾತುಕೋಳಿಯನ್ನು ಅವಳಿಗೆ ತಿನ್ನಲಾಗಲಿಲ್ಲ, ಅಣಬೆ ಮತ್ತು ತೋಫು ಹಾಕಿದ ಶ್ಯಾವಿಗೆಯನ್ನು ಮಾತ್ರ ಬಿಡಲಿಲ್ಲ.

ಅಲ್ಲಿಂದಲೇ ಮನೆಗೆ ಫೋನ್ ಮಾಡಿದರು. ದಾನಪ್ಪ ಎತ್ತಿಕೊಂಡ. "ಎಲ್ಲಾ ಛಲೋ ಐತಿ ವೈನಿ. ಕೇರಂನಾಗ ಸೋತು ಮಾರಿ ಸಣ್ಣದು ಮಾಡಿಕೊಂಡ ಕುಂತಾನ. ನಿಮ್ಮ ಊಟ ಆತೇನು?"

"ಆತು. ಏನೋ ಒಂದಿಷ್ಟು," ಅಂದಳು. ಸುಳ್ಳು ಅಲ್ಲಿಂದ ಶುರುವಾಯಿತು.

ಭಾನುವಾರ ಬೆಳಿಗ್ಗೆ ಕೊರಿಯನ್ನರ ಅಂಗಡಿಯ ಕಿಟಕಿಯಲ್ಲಿ ಒಂದು ಯಂತ್ರ ಅಕ್ರೋಟಿನ ಆಕಾರದ ಪುಟ್ಟ ಕೇಕುಗಳನ್ನು ಉದುರಿಸುತ್ತಿತ್ತು. ರಾಧಿಕಾ ಒಂದು ಕಾಗದದ ಚೀಲ ತುಂಬ ಕೊಂಡಳು. ಫುಟ್‌ಪಾತಿನ ಮೇಲೆ ನಿಂತು, ಊದಿ ಊದಿ ಆರಿಸಿಕೊಳ್ಳುತ್ತ ಒಂದಾದ ಮೇಲೊಂದು ತಿಂದರು. ಒಳಗೆ ಆಲೂಗಡ್ಡೆಯ ಸಿಹಿ ಹೂರಣ. ಇದರಲ್ಲಿ ಮೊಟ್ಟೆ ಇದೆಯೇ ಎಂದು ಕೇಳುವ ಮಾತು ವಸಂತಕ್ಕನ ನಾಲಿಗೆಯ ತುದಿಗೆ ಬಂತು. ಅವಳು ಕೇಳಲಿಲ್ಲ. ಕೇಳಿದರೆ ಬಿಡಬೇಕಾಗುತ್ತಿತ್ತು.

ಕಾರಿನಲ್ಲಿ ಮೆಡೋವೇಲಿಗೆ ಬರುವಾಗ ಅವಳು ಏಲಕ್ಕಿ ಅಗಿದಳು. ಕಿಟಕಿಯ ಗಾಜು ಇಳಿಸಿ ಸೆರಗನ್ನು ಗಾಳಿಗೆ ಹಿಡಿದಳು. ಉಳಿದ ಕೇಕಿನ ಚೀಲವನ್ನು ಮಗಳ ಹತ್ತಿರವೇ ಬಿಟ್ಟಳು. "ನಾನು ಏನ್ ತಿಂದೆ ಅಂತ ಅಪ್ಪಗ ಹೇಳಬ್ಯಾಡ" ಎಂದು ಮಗಳಿಗೆ ಹೇಳಬೇಕೆಂದುಕೊಂಡಳು, ಆದರೆ ಹಾಗೆ ಹೇಳುವುದಕ್ಕೇ ನಾಚಿಕೆಯಾಯಿತು.

ರಾಧಿಕಾ ಅವಳನ್ನು ಬಾಗಿಲಲ್ಲಿ ಇಳಿಸಿ, ಕೆಲಸವಿದೆ ಎಂದು ಹಾಗೆಯೇ ತಿರುಗಿ ಹೋದಳು. ಚನ್ನಬಸಪ್ಪ ಕುರ್ಚಿಯಲ್ಲಿ ಕಾಯುತ್ತ ಕುಳಿತಿದ್ದ. ಗಡ್ಡ ಬೋಳಿಸಿಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವಳು ಹತ್ತಿರ ಬಂದ ಕೂಡಲೇ ಅವನ ಮೂಗಿನ ಹೊಳ್ಳೆ ಅಲುಗಿದ್ದನ್ನು ಅವಳು ನೋಡಿದಳು.

"ಏನ್ ತಿಂದಿ?" ಎಂದು ಪಿಸುಗುಟ್ಟಿದ.

"ಏನಿಲ್ರೀ. ಡಬ್ಬಿ ಒಳಗಿಂದು. ಆಮ್ಯಾಲ ಮೊಸರನ್ನ. ಹೊರಗಿಂದ ನಂಗ ಎಲ್ಲಿ ಸೇರತೈತಿ?"

ಅವನು ಟಿವಿಯ ಕಡೆ ತಿರುಗಿದ. ಟಿವಿ ಹಚ್ಚಿರಲೇ ಇಲ್ಲ. ದಾನಪ್ಪ ಕೇರಂ ಬೋರ್ಡು ಎತ್ತಿಕೊಂಡು ಹೊರಟುಹೋದ.

ಎರಡು ದಿನ ಕಳೆದ ಮೇಲೆ ರಾಧಿಕಾ ಅಪ್ಪನಿಗೆ ಫೋನ್ ಮಾಡಿದಳು. ವಸಂತಕ್ಕ ಬಟ್ಟೆ ಮಡಚುತ್ತಿದ್ದಳು. ಫೋನಿನಾಚೆಯ ಮಗಳ ಉತ್ಸಾಹದ ದನಿ ಅಲ್ಲಿಗೂ ಕೇಳುತ್ತಿತ್ತು. "ಅಪ್ಪಾ, ಯು ವೋಂಟ್ ಬಿಲೀವ್! ಅಮ್ಮ ಆಲ್ಮಾಜ್ ಕಡೆ ಎರಡು ಸಲ ಹಾಕಿಸಿಕೊಂಡ್ಲು! ಚೈನಾಟೌನಿಗೂ ಹೋದ್ವಿ!" ಮಗಳಿಗೆ ಅದು ಅಪ್ಪನಿಗೆ ಕೊಡುವ ಉಡುಗೊರೆ. ಅವನು ಕೇಳಿದ, ಹೂಂ ಹೂಂ ಅಂದ, ಫೋನ್ ಇಟ್ಟ.

ಆ ದಿನ ಅವಳು ದ್ರವದ ಡಬ್ಬ ತೆಗೆದುಕೊಂಡು ಹೋದರೆ ಕೈಯಿಂದ ಕಸಿದುಕೊಂಡ. ತಾನೇ ನಳಿಗೆಗೆ ಹುಯ್ದುಕೊಳ್ಳಲು ಹೋದ. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಒರೆಸಲು ಹೋದ ಅವಳ ಕೈಯನ್ನು ಸರಿಸಿದ. ಬಡಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅವನ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತಳು. "ತಪ್ಪಾತ್ರಿ," ಅಂದಳು.

"ಯಾವುದು?" ಅವನ ಪಿಸುಮಾತು ಹರಿದ ಕಾಗದದ ಹಾಗಿತ್ತು. "ಸುಳ್ಳ ಹೇಳಿದ್ದೊ? ತಿಂದದ್ದೊ?"

"ಎರಡೂ."

"ನೀ ತಿಂದದ್ದಕ್ಕ ನಂಗ ಸಿಟ್ಟಿಲ್ಲ ಅಂದ್ರ ಅದೂ ಸುಳ್ಳ ಆಗತೈತಿ. ಸಿಟ್ಟ ಐತಿ." ಮಾತಿನ ನಡುವೆ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. "ಎಷ್ಟ ವರ್ಷ ಕರದೆ. ಒಂದ ತುತ್ತ ಅಂದೆ. ನನ್ನ ಬಾಯಿ ಮುಚ್ಚಿದ ಮ್ಯಾಲ ನಿನ್ನ ಬಾಯಿ ತೆರೀತು."

ಅವಳು ಅಳಲಿಲ್ಲ. ಅಳುವುದಕ್ಕೂ ತನಗೆ ಹಕ್ಕಿಲ್ಲ ಅನ್ನಿಸಿತು. "ಸೂಪಿನ ಮಾತ ಹೇಳಿ ಹೇಳಿ ನಿಮಗ ಚುಚ್ಚಿದೆ. ಗೊತ್ತಿದ್ದs ಚುಚ್ಚಿದೆ," ಅಂದಳು. "ನೀವು ಅಡಿಗಿಮನಿ ಹೊಕ್ಕು ಸೌಟು ನೋಡ್ತಿದ್ರಂತ. ಅಕಿ ಹೇಳಿದ್ಲು."

ಅವನ ಮುಖ ಕೆಂಪಾಯಿತು. ಕಳ್ಳತನದಲ್ಲಿ ಸಿಕ್ಕವನ ಹಾಗೆ ಆಚೆ ನೋಡಿದ. "ಹೇಳಿದ್ಲೇನು," ಅಂದ. ಇನ್ನೂ ಆಚೆ ನೋಡುತ್ತಲೇ, "ಕೆಂಪು ಬ್ಯಾಳಿ ತಿಂದಿಯೇನು? ಖಾರ ಇತ್ತಲಾ?" ಎಂದು ಕೇಳಿದ.

ಅವಳು ಹೇಳತೊಡಗಿದಳು. ಮೆಂತೆಯ ವಾಸನೆ, ದೋಸೆಯ ಹುಳಿ, ಸೊಪ್ಪಿಗೆ ಹಾಕಿದ ಬೆಳ್ಳುಳ್ಳಿ. ಹೇಳುತ್ತಿದ್ದಂತೆ ಅವನ ಬಾಯಲ್ಲಿ ನೀರೂರಿತು. ಆ ನೀರನ್ನು ನುಂಗಲು ಅವನಿಗೆ ಬರುವುದಿಲ್ಲ. ಕೆಮ್ಮು ಒತ್ತರಿಸಿ ಬಂತು, ಕಣ್ಣು ಮೇಲೆ ಸಿಕ್ಕಿಕೊಂಡವು. ಅವಳು ಎದ್ದು ಟವೆಲ್ಲು ಹಿಡಿದು ಬೆನ್ನು ತಟ್ಟಿದಳು. ಸಾಕು, ಇನ್ನು ಹೇಳುವುದಿಲ್ಲ ಅಂದಳು. ಅವನು ಅವಳ ಮುಂಗೈ ಹಿಡಿದು ಹೇಳು ಎಂದು ಅಲುಗಿಸಿದ. ಅವಳು ಮತ್ತೆ ಹೇಳಿದಳು. ಟವೆಲ್ಲನ್ನು ಅವನ ಬಾಯಿಗೆ ಒತ್ತಿ ಹಿಡಿದುಕೊಂಡೇ ಬಾತುಕೋಳಿಯ ಕಥೆ ಹೇಳಿದಳು. ಅವನ ಭುಜ ಕುಲುಕಿತು. ಅದು ನಗುವೋ ಕೆಮ್ಮೋ ತಿಳಿಯುತ್ತಿರಲಿಲ್ಲ. ತಿನ್ನುವುದು ಒಂದು ತಪ್ಪು, ಮುಚ್ಚಿಡುವುದು ಇನ್ನೊಂದು ತಪ್ಪು, ಈಗ ಹೇಳುವುದೂ ಅವನನ್ನು ಹಿಂಡುವ ಕೆಲಸವೇ ಆಯಿತಲ್ಲ ಎಂದು ಅವಳ ಜೀವ ಒದ್ದಾಡಿತು.

"ಬೇಸ್‌ಮೆಂಟಿನಾಗ ನಿಂತು ತಿನ್ನೂದು ಬಿಡು," ಅಂದ ಅವನು ಕೊನೆಗೆ. ಅವನಿಗೆ ಅದೂ ಗೊತ್ತಿತ್ತು. "ಮ್ಯಾಲೆ ಅಡಿಗಿ ಮಾಡು. ಒಗ್ಗರಣಿ ಹಾಕು."

ಮಧ್ಯಾಹ್ನ ಅವಳು ಸಾಸಿವೆ ಸಿಡಿಸಿದಳು. ವಾಸನೆ ಹರಡುತ್ತಲೇ ಅವನು ಎದ್ದು ಗಾಜಿನ ಬಾಗಿಲು ಸರಿಸಿ ಹಿತ್ತಲಿನ ಡೆಕ್ಕಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತ. ಅವಳು ಒಲೆ ಆರಿಸಿಬಿಟ್ಟಳು. ಅವನು ತಿರುಗದೆಯೇ ಕೈ ಹಿಂದೆ ಚಾಚಿ ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದ. ಮಾಡು ಎಂದೇ ಅದರ ಅರ್ಥ. ಅವಳು ಮತ್ತೆ ಒಲೆ ಹಚ್ಚಿದಳು. ಅವತ್ತು ಉಂಡ ಸಾರಿನ ರುಚಿ ಹೇಗಿತ್ತೆಂದು ಅವಳಿಗೆ ನೆನಪಿಲ್ಲ.

ನವೆಂಬರಿನಲ್ಲಿ ಅವನೇ ಹಟ ಹಿಡಿದ, ಆಲ್ಮಾಜ್ ಕಡೆ ಹೋಗೋಣ ಅಂತ. ರಾಧಿಕಾ ಬಂದು ಕಾರಿನಲ್ಲಿ ಕರೆದೊಯ್ದಳು. ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಒಂದು ಕೈ ಹೆಂಡತಿಯ ಹೆಗಲ ಮೇಲಿಟ್ಟು ಒಳಗೆ ಬಂದ ಚನ್ನಬಸಪ್ಪನನ್ನು ನೋಡಿ ಆಲ್ಮಾಜ್ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟಳು. ಅವನು ಪಿಸುಗುಟ್ಟಿದ್ದು ಅವಳಿಗೆ ಕೇಳಿಸಲಿಲ್ಲ. ರಾಧಿಕಾ ಜೋರಾಗಿ ಹೇಳಿದಳು: ಸೌಟು ಬೇರೆ ಇದೆಯಲ್ಲ ಅಂತ ಕೇಳುತ್ತಿದ್ದಾರೆ.

ಒಂದೇ ತಾಟು ಬಂತು. ವಸಂತಕ್ಕ ಉಂಡಳು. ಅವನು ಎದುರಿಗೆ ಕುಳಿತು ಒಂದೊಂದು ತುತ್ತನ್ನೂ ತಾಟಿನಿಂದ ಅವಳ ಬಾಯಿಯ ತನಕ ಕಣ್ಣಲ್ಲೇ ಹಿಂಬಾಲಿಸಿದ. "ಅದನ್ನ ಇದರ ಜೋಡಿ ತಿನ್ನು," ಎಂದು ಬೆರಳು ತೋರಿಸಿದ. ತಿಂದರೆ ಅವನಿಗೆ ಸಂತೋಷವೋ ಸಂಕಟವೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದವು ಅಂತ ಕಾಣುತ್ತದೆ. ಆಮೇಲೆ ಆಲ್ಮಾಜ್ ಚಿಕ್ಕ ಬಾಣಲೆಯಲ್ಲಿ ಹಸಿ ಕಾಫಿ ಬೀಜ ಹುರಿದು, ಹೊಗೆಯಾಡುತ್ತಿರುವಾಗಲೇ ತಂದು ಅವನ ಮುಖದ ಮುಂದೆ ಹಿಡಿದಳು. ಕುಡಿಯುವ ಮುನ್ನ ಹೀಗೆ ಎಲ್ಲರಿಗೂ ವಾಸನೆ ತೋರಿಸುವುದು ಅವರ ಮನೆಗಳಲ್ಲಿ ಕ್ರಮ. ಚನ್ನಬಸಪ್ಪ ಎರಡೂ ಅಂಗೈಯಿಂದ ಹೊಗೆಯನ್ನು ಬಾಚಿ ಬಾಚಿ ಮುಖಕ್ಕೆ ಎಳೆದುಕೊಂಡ. ಅವನ ಕಣ್ಣಿನಿಂದ ನೀರು ಇಳಿಯಿತು. "ಸಾಕು. ಹೋಗೂಣು," ಅಂದ ತಟ್ಟನೆ. ತಾಟಿನಲ್ಲಿ ಅರ್ಧ ಊಟ ಹಾಗೇ ಉಳಿದಿತ್ತು. ಮೂವರೂ ಎದ್ದುಬಂದರು.

ಮತ್ತೆ ಹೋಗಲಾಗಲಿಲ್ಲ. ಹಿಮ ಹೆಚ್ಚಾಯಿತು, ಅವನಿಗೆ ನ್ಯುಮೋನಿಯಾ ಹಿಡಿಯಿತು. ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಹೊತ್ತು, ಆಸ್ಪತ್ರೆಯ ಹಾಸಿಗೆಯ ಮೇಲೆ ಮಗಳ ಕೈ ಒಂದು ಕಡೆ, ಹೆಂಡತಿಯ ಕೈ ಒಂದು ಕಡೆ ಹಿಡಿದು ಹೋದ.

ಕ್ರಿಯಾಕರ್ಮ ಮುಗಿದ ಮೇಲೆ ವಸಂತಕ್ಕ ಬಹಳ ದಿನ ಮನೆ ಬಿಟ್ಟು ಕದಲಲಿಲ್ಲ. ಆಮೇಲೆ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ, ಮಗಳ ಮನೆಗೆ ಹೋಗತೊಡಗಿದಳು. ತಾಯಿ ಮಗಳು ಹೊಸ ಹೊಸ ಜಾಗ ಹುಡುಕಿ ಹೋಗುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಪಾತ್ರೆ, ಸೌಟು ವಿಚಾರಿಸುವ ಕೆಲಸ ಈಗ ರಾಧಿಕಾಳದು. ಈಗ ಅವಳಿಗೆ ಎಂಬರಾಸ್ ಆಗುವುದಿಲ್ಲ. ದಾನಪ್ಪ ಸಿಕ್ಕಾಗಲೆಲ್ಲ ಹೇಳುತ್ತಾನೆ: "ವೈನಿ, ನೀವು ತಿನ್ನೂದ ನೋಡಿದ್ರ ಅವ ಭಾಳ ಖುಷಿ ಪಡ್ತಿದ್ದ." ವಸಂತಕ್ಕ ತಲೆಯಾಡಿಸುತ್ತಾಳೆ. ಒಳಗೆ ಒಪ್ಪುವುದಿಲ್ಲ. ನೋಡಿದ್ದನಲ್ಲ ಅವನು ಒಮ್ಮೆ, ಹೇಗೆ ನೋಡಿದ್ದನೆಂದು ಅವಳಿಗೆ ಗೊತ್ತು.

ಒಂದು ಭಾನುವಾರ ಅರೋರಾದ ಕಡೆ ಯಾರದೋ ಗೃಹಪ್ರವೇಶಕ್ಕೆ ಹೋಗಿಬರುವಾಗ ಕಾರಿನಲ್ಲಿ ರಾಧಿಕಾ ಕೇಳಿಯೇಬಿಟ್ಟಳು. "ಅಮ್ಮಾ, ಇನ್ನೂ ಗಿಲ್ಟಿ ಅನಿಸ್ತದೇನು? ಅಪ್ಪ ನಿನ್ನ ಫರ್‌ಗಿವ್ ಮಾಡಿದ್ರಲ್ಲ?"

ವಸಂತಕ್ಕ ಹಾದಿಯ ಎರಡೂ ಕಡೆ ಒಂದೇ ಅಚ್ಚಿನಲ್ಲಿ ಎದ್ದು ನಿಂತ ಹೊಸ ಮನೆಗಳನ್ನು ನೋಡುತ್ತಿದ್ದಳು.

"ಮಾಡ್ಯಾರೋ ಇಲ್ಲೋ, ನಾ ಕೇಳಲಿಲ್ಲ," ಅಂದಳು. "ಕೇಳಿದ್ರ ಹೂಂ ಅಂತಿದ್ರು. ಅವರ ಸ್ವಭಾವ ನಿಂಗೂ ಗೊತ್ತು. ಹೂಂ ಅಂದುಬಿಟ್ಟಿದ್ರ ಮನಸ್ಸಿನ ಭಾರ ಇಳದು ನಾ ಹಗರ ಆಗಿಬಿಡತಿದ್ದೆ. ಅದಕ್ಕs ಕೇಳಲಿಲ್ಲ."

ಸ್ವಲ್ಪ ದೂರ ಹೋದ ಮೇಲೆ ವಸಂತಕ್ಕ, "ಆ ಮನ್ಯಾಗ ಪಾಯಸ ಬಿಟ್ರ ಏನೂ ಸರಿ ಇರಲಿಲ್ಲ. ನಂಗ ಹಸಿವಾಗೈತಿ," ಅಂದಳು. ಅಂದ ಮರುಕ್ಷಣವೇ, ಏನೋ ಅನ್ನಬಾರದ್ದನ್ನು ಅಂದವಳ ಹಾಗೆ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.